ಅಕ್ಕನ ಬದಿ, ಭಾವನ ಬದಿ

ಕಾರು ಕಂಪನಿಯ ಸ್ಟುಡಿಯೊದಲ್ಲಿ ಅವಳು ಎಲ್ಲರಿಗೂ ಅಕ್ಕ. ಅಕ್ಕನ ಗಂಡನಾದ ತಪ್ಪಿಗೆ ಇವನು ಎಲ್ಲರಿಗೂ ಭಾವ. ಬಾಸ್ ಕೂಡ ಹಾಗೇ ಕರೆಯುತ್ತಿದ್ದ. ಸಂಬಳ ಏರಿಸುವಾಗ ಮಾತ್ರ ಆ ನಂಟು ಅವನಿಗೆ ಮರೆತುಹೋಗುತ್ತಿತ್ತು.

ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು. ಸಿರಿವಂತರು ಕೊಳ್ಳುವ ಭಾರಿ ವೇಗದ ಕಾರುಗಳ ಮೈಯನ್ನು ಮೊದಲು ಜೇಡಿಮಣ್ಣಿನಲ್ಲಿ, ನಿಜವಾದ ಅಳತೆಯಲ್ಲೇ ತಿದ್ದುವುದು. ಒಂದೇ ಮಣ್ಣಿನ ಕಾರಿಗೆ ಎರಡು ರೂಪ: ಎಡಬದಿ ಅಕ್ಕನದು, ಬಲಬದಿ ಭಾವನದು. ನಡುವೆ ಕನ್ನಡಿ ನಿಲ್ಲಿಸಿದರೆ ಅರ್ಧ ಕಾರು ಇಡೀ ಕಾರಾಗಿ ಕಾಣುತ್ತದೆ. ದೊಡ್ಡವರು ಬಂದು ನೋಡುತ್ತಾರೆ. ಎರಡರ ಅಳತೆ ತೆಗೆದು ಮಾಡಿದ ಪುಟ್ಟ ಮಾದರಿಗಳನ್ನೂ ದೈತ್ಯ ಫ್ಯಾನಿನ ಗಾಳಿಗೆ ಒಡ್ಡಿ ಒಂದನ್ನು ಆರಿಸುತ್ತಾರೆ. ಸೋತ ಬದಿಯನ್ನು ಕೆರೆದು ಗೆದ್ದ ಬದಿಯಂತೆಯೇ ಮಾಡಬೇಕು.

ಅಕ್ಕನ ಎರಡು ಕಾರುಗಳು ರಸ್ತೆಗೆ ಇಳಿದಿದ್ದವು. ಭಾವನದು ಒಂದೂ ಇಲ್ಲ. ತನ್ನ ಬದಿಯನ್ನು ತಾನೇ ಕೆರೆದೂ ಕೆರೆದೂ ಅವನ ಭುಜ ಬಿದ್ದುಹೋಗಿತ್ತು. ಬರುವ ತಿಂಗಳು ನಿವೃತ್ತಿ, ಇದೇ ಕೊನೆಯ ಕಾರು.

"ಜೀವಮಾನವೆಲ್ಲ ಗಾಳಿ ಗುದ್ದಿ ಮೈ ನೋಯಿಸ್ಕೊಂಡೆ ಕಣೆ," ಎನ್ನುತ್ತಿದ್ದ ಮನೆಯಲ್ಲಿ, ಭುಜಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು. ಅವಳು ಚೀಲ ಆರಿದರೆ ನೀರು ಬದಲಿಸುತ್ತಿದ್ದಳು.

ಈ ಸಲ ಭಾವನ ಬದಿ ಗೆದ್ದಿತು. ಅಕ್ಕನ ಬದಿಯ ಹಿಂಭಾಗದಲ್ಲಿ ಗಾಳಿ ಕಳಚಿಕೊಳ್ಳದೆ ಸುಳಿ ಸುತ್ತಿ ಕಾರನ್ನು ಹಿಂದಕ್ಕೆ ಜಗ್ಗುತ್ತಿದೆಯಂತೆ. "ಭಾವ, ಪಾರ್ಟಿ ಯಾವಾಗ?" ಎಂದು ಎಲ್ಲರೂ ಕೈಕುಲುಕಿದರು. ಅವನಿಗೆ ಕೂರಲು ಒಂದು ಸ್ಟೂಲ್ ಸಿಕ್ಕಿದರೆ ಸಾಕಾಗಿತ್ತು. ಆದರೂ ಸುಳ್ಳೇಕೆ, ಖುಷಿಯಾಗಿತ್ತು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ, ಭಾವ ಕೆರೆಯಲು ಎಡಬದಿಗೆ ಬಂದ. ಅಭ್ಯಾಸಬಲದಿಂದ ಮೊದಲು ಅಂಗೈ ಆಡಿಸಿದ. ಬಾಗಿಲು, ಹಿಂಚಕ್ರದ ಮೇಲಿನ ಉಬ್ಬು, ಎಲ್ಲ ಬೆಣ್ಣೆ. ಬಾಲದ ತುದಿಗೆ ಬಂದಾಗ ಕೈ ನಿಂತಿತು. ಗಾಳಿ ಅಲ್ಲಿ ಕತ್ತರಿಸಿದಂತೆ ಬಿಟ್ಟುಹೋಗಬೇಕು, ಅದಕ್ಕೆ ಅಂಚು ಚೂಪಾಗಿರಬೇಕು. ಹೊಸಬರಿಗೆ ಅಕ್ಕ ಕಲಿಸುವ ಮೊದಲ ಪಾಠವೇ ಅದು. ಇಲ್ಲಿ ಅಂಚು ಬಳಸಿದ ಸೋಪಿನಂತೆ ಮೊಂಡಾಗಿತ್ತು, ಉದ್ದಕ್ಕೂ ಒಂದೇ ಸಮ. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು.

ಊಟದ ಡಬ್ಬಿ ಹಿಡಿದು ಅವಳು ಬಂದಳು.

"ಇದೇನೇ ಇದು?"

"ಯಾವುದು?"

"ನನ್ನ ಹತ್ರ ನಾಟಕ ಬೇಡ."

ಅವಳು ಡಬ್ಬಿ ಕೆಳಗಿಟ್ಟಳು. "ನಂದು ಎರಡಿದೆಯಲ್ಲ ರೀ. ಸುಮ್ನೆ ಕೆರೆದುಬಿಡಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ."

ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ಓವನ್‌ನಿಂದ ಬೆಚ್ಚಗಾಗಿ ಮೆದುವಾದ ಮಣ್ಣು ತಂದು ಅವಳ ಅಂಚಿಗೆ ಮೆತ್ತಿ, ಉಕ್ಕಿನ ಪಟ್ಟಿಯಿಂದ ಚೂಪು ಮಾಡತೊಡಗಿದ.

"ತಲೆ ಕೆಟ್ಟಿದೆಯಾ? ಮತ್ತೆ ಗಾಳಿಗೆ ಇಟ್ರೆ ನೀವು ಸೋಲ್ತೀರಿ. ಕೈಗೆ ಬಂದ ತುತ್ತು ರೀ ಇದು."

"ಸೋತು ಅಭ್ಯಾಸ ಇದೆ. ನೀನು ಗೆದ್ದ ಕಾರು ಎದುರಿಗೆ ಹೋದ್ರೆ ಹೊಟ್ಟೆ ಉರಿಯುತ್ತೆ, ನೀರು ಕುಡಿದು ಸುಮ್ನಾಗ್ತೀನಿ. ನೀನು ಬಿಟ್ಟುಕೊಟ್ಟ ಕಾರು ಹೋದ್ರೆ ನಾನೇನು ಮಾಡ್ಲಿ?"

ಅವನ ಭುಜ ನಡುಗುತ್ತಿತ್ತು, ಅಂಚು ಸೊಟ್ಟಗಾಗುತ್ತಿತ್ತು.

"ಸರೀರಿ ಆಚೆ, ಹಾಳು ಮಾಡ್ತಿದ್ದೀರಿ," ಎಂದು ಪಟ್ಟಿ ಕಿತ್ತುಕೊಂಡಳು.

"ಚೂಪಾಗಿರ್ಲಿ," ಎಂದ ಭಾವ. ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೆಂದು ಹೇಳಲು ಬಾಸ್ ಕೋಣೆಯ ಕಡೆಗೆ ಕಾಲೆಳೆದುಕೊಂಡು ಹೋದ.