ಗುಡುಗಿಗೊಂದು ಮೊಳೆ

ಬಸ್ಸಿನ ಬ್ರೇಕು ಒಮ್ಮೆಲೇ ಬಿದ್ದು ಡಬ್ಬಿ ನನ್ನ ತೊಡೆಯಿಂದ ಜಾರಬಹುದಿತ್ತು. ಕಿಟಕಿಯ ಬಿಸಿಲಿಗೆ ಒಳಗಿನ ತತ್ತಿಗಳು ಕೂತಲ್ಲೇ ಬೇಯಬಹುದಿತ್ತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಯಾರದೋ ಗೋಣಿಚೀಲ ಮೇಲೆ ಬೀಳಬಹುದಿತ್ತು. ಹೇಗೋ ಚಿಕ್ಕೇರೂರು ಮುಟ್ಟಿದರೂ, ಅಷ್ಟರಲ್ಲಿ ಅಕ್ಕನ ಕೋಳಿ ಕಾವು ಬಿಟ್ಟೆದ್ದು ಹಿತ್ತಲಲ್ಲಿ ಮಣ್ಣು ಕೆದರುತ್ತಿರಬಹುದಿತ್ತು. ಅದು ಏಳದಿದ್ದರೆ ಬೆಕ್ಕು, ಬೆಕ್ಕಲ್ಲದಿದ್ದರೆ ಮುಂಗುಸಿ, ಮುಂಗುಸಿಯೂ ಬಾರದಿದ್ದರೆ ಇರುವೆ. ಇರುವೆಯನ್ನೂ ಗೆದ್ದರೆ ಗುಡುಗು. ಇದಾವುದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ನೀವೂ ನನ್ನ ಜೊತೆ ಸ್ವಲ್ಪ ಕಾಳಜಿ ಮಾಡಿ.

ಇದೆಲ್ಲ ಈಗ ನೆನಪಾದದ್ದು ಹಿರೇಕೆರೂರಿನ ನನ್ನ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಮೇಲಿರುವ ದಪ್ಪ ಕಬ್ಬಿಣದ ಬೀಗದಿಂದ. ನಮ್ಮ ಕಡೆ ಇದಕ್ಕೆ ಕೀಲಿ ಎನ್ನುತ್ತೇವೆ. ಇದು ಮಾರಾಟಕ್ಕಿಲ್ಲ, ತೂತಿನಲ್ಲಿ ಏನೋ ಒಣಗಿ ಗಟ್ಟಿಯಾಗಿ ಕೀಲಿಕೈ ಒಳಗೆ ಹೋಗುವುದಿಲ್ಲ. ಈಗಷ್ಟೇ ಹೊರಗೆ ಮೋಡ ಗುರುಗುಟ್ಟಿತು. ಕೈ ತಾನಾಗಿ ಅದನ್ನು ಎತ್ತಿಕೊಂಡಿತು.

ಅವ್ವನ ತವರು ತಡಸ. ಅಲ್ಲಿಂದ ಮದುವೆಯಾಗಿ ಬಂದಾಗ ಆಕೆಯ ಜೊತೆ ಬುಟ್ಟಿಯಲ್ಲಿ ಒಂದು ಕೋಳಿ, ಒಂದು ಹುಂಜ ಬಂದವಂತೆ. ಕರಿ ಮೈ, ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ, ಗಿಡ್ಡ ಕಾಲು. ಅಕ್ಕನನ್ನು ಚಿಕ್ಕೇರೂರಿಗೆ ಕೊಟ್ಟಾಗ ಅವ್ವ ಆ ಜಾತಿಯದೇ ಜೋಡಿ ಕೊಟ್ಟು ಕಳಿಸಿದಳು. ಬೇರೆ ಮನೆಗಳಲ್ಲಿ ಹೆಣ್ಣುಮಕ್ಕಳ ಹಿಂದೆ ಪಾತ್ರೆ ಪಗಡೆ ಹೋಗುತ್ತವೆ, ನಮ್ಮಲ್ಲಿ ಕೋಳಿಯೂ ಹೋಗುತ್ತದೆ.

ಜವಾರಿ ಕೋಳಿ ಎಂದರೆ ಹಿಡಿಯಹೋದವರನ್ನು ಓಣಿ ತುಂಬ ಓಡಿಸುವಂಥದು. ಇವು ಹಾಗಲ್ಲ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಪಕ್ಕಕ್ಕೆ ಬಂದು ಕೂರುತ್ತಿದ್ದವು. ಹಿಟ್ಟಿಗೆ ಬಾಯಿ ಹಾಕದೆ, ಕೆಳಗೆ ಉದುರುವುದನ್ನು ಕಾಯುತ್ತಿದ್ದವು. ಹುಂಜವಂತೂ ಕಾಳು ಕಂಡರೆ ತಾನು ಹಿಂದೆ ಸರಿದು ಕೋಳಿಗಳನ್ನು ಕರೆಯುತ್ತಿತ್ತು. ಅದರ ಮರ್ಯಾದೆ ನೋಡಿ ನಾಚಿ ನಾನು ಒಮ್ಮೆ ಪಂಕ್ತಿಯಲ್ಲಿ ಎರಡನೇ ಹೋಳಿಗೆ ಬೇಡ ಎಂದದ್ದುಂಟು. ಒತ್ತಾಯ ಮಾಡಿ ಬಡಿಸಲು ಯಾರೂ ಬರಲಿಲ್ಲ.

ಹೋದ ವರ್ಷ ಬೇಸಿಗೆಯ ಮೊದಲಿಗೆ ಕೋಳಿಗಳಿಗೆ ಕೊಕ್ಕರೆ ರೋಗ ಬಂದು ಅಕ್ಕನ ಹಿತ್ತಲು ಖಾಲಿಯಾಯಿತು. ಹುಂಜವೂ ಹೋಯಿತು, ಉಳಿದದ್ದು ಒಂದೇ ಕೋಳಿ. ದೀಪಾವಳಿ ಮುಗಿದ ಮೇಲೆ ಅಕ್ಕನ ಮಗಳು ಕವಿತಾಳ ಮದುವೆ, ಸವಣೂರಿನ ಹುಡುಗನ ಜೊತೆ. ಅಂಥದರಲ್ಲಿ ಒಂದು ದಿನ ಅಕ್ಕನ ಫೋನು ಬಂತು.

“ತಮ್ಮಾ, ಕೋಳಿ ಕಾವಿಗೆ ಕುಂತೈತಿ. ಹುಂಜ ಇಲ್ಲದ ತತ್ತಿ ಮರಿ ಆಗಂಗಿಲ್ಲ. ತಡಸದಾಗ ಚಿಗವ್ವನ ಹತ್ರ ಇನ್ನೂ ನಮ್ಮ ಜಾತಿ ಅದಾವು. ಹೋಗಿ ತತ್ತಿ ತಗೊಂಡು ಬಾ. ಕವಿತಾನ್ನ ಬರೇ ಬುಟ್ಟಿ ಕೊಟ್ಟು ಕಳಸಲೇನು?”

“ನಾನಾ? ದಾರ್ಯಾಗ ಒಡದ್ರ?”

“ಒಡದ್ರ ನಿನ್ನನ್ನ ಕಾವಿಗೆ ಕುಂದ್ರಸ್ತೇನಿ.”

“ನಾ ಬರೂದರಾಗ ಕೋಳಿ ಎದ್ದು ಹೋದ್ರ?”

“ಅದರ ಕೆಳಗ ಉಳ್ಳಾಗಡ್ಡಿ ಇಟ್ಟೇನಿ. ತತ್ತಿ ಅಂತ ತಿಳಕೊಂಡು ಕುಂತೈತಿ, ಪಾಪ.”

ಚಿಗವ್ವ ಸ್ಟೀಲಿನ ಡಬ್ಬಿಗೆ ಬಿಳಿಜೋಳ ಸುರಿದು, ಅದರಲ್ಲಿ ಹನ್ನೊಂದು ತತ್ತಿ ಹುಗಿದು ಕೊಟ್ಟಳು. ಬೆಸ ಇರಬೇಕು, ಸರಿ ಇಟ್ಟರೆ ಕೋಳಿಗೆ ಆಗಿಬರುವುದಿಲ್ಲ ಎಂದಳು. ಬಸ್ಸಿನಲ್ಲಿ ಪಕ್ಕದ ಹಿರಿಯರು ಕೇಳಿಯೇಬಿಟ್ಟರು: “ಏನ್ರಿ ಅದು ಡಬ್ಬ್ಯಾಗ?”

“ಜೋಳ ರೀ.”

“ಜೋಳಾನ ಕೂಸು ಹಿಡದಂಗ ಹಿಡದೀರಲ್ರಿ!”

“ಬೀಜದ್ದು ರೀ,” ಎಂದೆ. ಸುಳ್ಳೇನಲ್ಲ.

ಅಕ್ಕ ತತ್ತಿಗಳನ್ನು ಕೂಡಲೇ ಇಡಲಿಲ್ಲ. “ಬಸ್ಸಿನಾಗ ಅಳ್ಳಾಡಿ ಬಂದಾವ, ದಣಿವು ಆರಲಿ,” ಎಂದು ಮರುದಿನದವರೆಗೆ ಜೋಳದಲ್ಲೇ ನೆಟ್ಟಗೆ ನಿಲ್ಲಿಸಿದಳು. ಹೊತ್ತು ಮುಳುಗುವಾಗ ಒಲೆಯ ಮುಂದೆ ಕೈ ಬೆಚ್ಚಗೆ ಮಾಡಿಕೊಂಡು ಬುಟ್ಟಿಯ ಹತ್ತಿರ ಕೂತಳು. “ಸ್ವಲ್ಪ ಸರಿ ನಮ್ಮವ್ವಾ,” ಎಂದರೆ ಕೋಳಿ ನಿಜವಾಗಿಯೂ ಮೈ ಎತ್ತಿತು. ಒಂದು ಉಳ್ಳಾಗಡ್ಡಿ ಹೊರಗೆ, ಒಂದು ತತ್ತಿ ಒಳಗೆ. ಕೋಳಿ ಕುಟುಕಲಿಲ್ಲ, ಕೂಗಲಿಲ್ಲ. ಇಷ್ಟು ದಿನ ಮೋಸ ಹೋದದ್ದು ತಿಳಿದೂ ಸುಮ್ಮನಿರುವ ಹಿರಿಸೊಸೆಯಂತೆ ಒಮ್ಮೆ ನಮ್ಮಿಬ್ಬರ ಮುಖ ನೋಡಿತು, ಅಷ್ಟೇ. ಆ ಸಂಜೆ ಅಕ್ಕ, ಕೋಳಿ ಇಬ್ಬರಲ್ಲಿ ಯಾರನ್ನು ಹೆಚ್ಚು ಮೆಚ್ಚಬೇಕೋ ನನಗೆ ತಿಳಿಯಲಿಲ್ಲ.

ಗುಡುಗಿನ ಸದ್ದಿಗೆ ಕಾವಿನ ತತ್ತಿ ಕೆಡುತ್ತವೆಂದು ಬುಟ್ಟಿಯ ಹುಲ್ಲಿನ ಕೆಳಗೆ ಕಬ್ಬಿಣದ ತುಣುಕು ಇಡುವುದು ನಮ್ಮ ಮನೆಯ ರೂಢಿ. ಅಕ್ಕ ಒಂದು ಮೊಳೆ ಇಟ್ಟಳು. ನಾನು ಆಕಾಶ ನೋಡಿದೆ, ಮೊಳೆ ನೋಡಿದೆ. ಅಂಗಡಿ ತುಂಬ ಕಬ್ಬಿಣ ಇಟ್ಟುಕೊಂಡವನಿಗೆ ಒಂದು ಮೊಳೆ ಹೇಗೆ ಸಾಕೆನಿಸೀತು? ಎರಡು ದಿನ ಬಿಟ್ಟು, ಇದ್ದುದರಲ್ಲೇ ದೊಡ್ಡ ಬೀಗ ಹುಡುಕಿಕೊಂಡು ಮತ್ತೆ ಚಿಕ್ಕೇರೂರಿಗೆ ಹೋದೆ.

“ಅಯ್ಯ, ಕೋಳಿ ಓಡಿ ಹೋಗ್ತೈತಂತ ಕೀಲಿ ಹಾಕ್ತೀಯೇನೋ?”

“ಈ ಸಲ ಗುಡುಗು ಭಾಳ ಜೋರು ಐತಿ ಅಕ್ಕಾ.”

ಅಕ್ಕ ನನ್ನ ಮುಖ ನೋಡಿ ಬೀಗವನ್ನು ಹುಲ್ಲಿನ ಕೆಳಗೆ ಹುಗಿದಳು. ಅದು ಬೇಕಾದದ್ದು ತತ್ತಿಗಳಿಗಲ್ಲ, ನನಗೆ ಎಂದು ಆಕೆಗೆ ಆಗಲೇ ಗೊತ್ತಿತ್ತು. ಕೋಳಿಯನ್ನು ಕೂರಿಸುವಷ್ಟೇ ನಾಜೂಕಾಗಿ ತಮ್ಮನನ್ನೂ ಕೂರಿಸಿದ್ದಳು.

ಮುಂಗಾರು ಬಂತು. ತಗಡಿನ ಮಾಡು ನಡುಗುವಂತೆ ಗುಡುಗಿತು. ಮೂರು ವಾರ ತುಂಬಿದಾಗ ಕೋಳಿಯ ರೆಕ್ಕೆಯ ಸಂದಿಯಿಂದ ಒಂದು ಕರಿ ತಲೆ ಇಣುಕಿತು, ಆಮೇಲೆ ಇನ್ನೊಂದು, ಮತ್ತೊಂದು. ಕವಿತಾ ಬುಟ್ಟಿ ಬಿಟ್ಟು ಊಟಕ್ಕೂ ಏಳಲಿಲ್ಲ. ಮದುವೆಯಲ್ಲಿ ಆಕೆಯ ಹಿಂದೆ ಸವಣೂರಿಗೆ ಜೋಡಿ ಹೋಯಿತು. ಅತ್ತೆಮನೆಯವರು ಬುಟ್ಟಿಯೊಳಗೆ ಕೈಯಿಟ್ಟರೆ ಹುಂಜ ಕೈ ಮೇಲೇ ಬಂದು ಕೂತಿತಂತೆ.

ಇಷ್ಟು ಬರೆಯುವಾಗಲೇ ಫೋನು. ಕವಿತಾ!

“ಮಾಮಾ, ನಮ್ಮ ಕೋಳಿ ಕಾವಿಗೆ ಕುಂತೈತಿ. ಇಲ್ಲಿ ಗುಡುಗಾಕತ್ತೈತಿ. ಮಾಮಾನ್ನ ಕರಿ, ಆದ್ರ ಕೀಲಿ ಅಂಗಡ್ಯಾಗ ಬಿಟ್ಟು ಬರಾಕ ಹೇಳು ಅಂದಾಳ ಅವ್ವ.”

ಎದ್ದು ಡಬ್ಬದಿಂದ ಒಂದು ಮೊಳೆ ತೆಗೆದು ಜೇಬಿಗೆ ಹಾಕಿಕೊಂಡೆ. ಇರಲಿ ಎಂದು ಇನ್ನೊಂದು ತೆಗೆದೆ. ಬಾಗಿಲವರೆಗೆ ಹೋಗಿ ಮರಳಿ ಬಂದು, ಅದನ್ನು ಡಬ್ಬಕ್ಕೇ ಹಾಕಿದೆ.

ಬೀಗ ಗಲ್ಲಾದ ಮೇಲೇ ಇದೆ. ಹೋದ ವರ್ಷ ಅಕ್ಕನ ಕೋಳಿ ತತ್ತಿಗಳನ್ನು ಮಗುಚುತ್ತ ಮಗುಚುತ್ತ ಹುಲ್ಲು ಸರಿದು ಈ ಬೀಗ ಮೇಲೆ ಬಂದಿತ್ತು. ಅಕ್ಕ ಒಡೆದ ತತ್ತಿಯ ಹಳದಿ ಮೆತ್ತಿದ ಬೀಗವನ್ನು ನನ್ನ ಕೈಗಿಟ್ಟು ಹೇಳಿದ್ದಳು:

“ಗುಡುಗಿಗೆ ಒಂದೂ ಹೋಗಲಿಲ್ಲ ತಮ್ಮಾ. ನಿನ್ನ ಕೀಲಿಗೆ ಒಂದು ಹೋತು.”