ಅತ್ತೆ ಹೊರಗೆ ಕೂತ ವರ್ಷ

ನನ್ನ ಅತ್ತೆ ಮುನಿತಾಯಮ್ಮನವರಿಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ಅಂದಿನಿಂದ ರಾಜಘಟ್ಟದ ನಮ್ಮ ಮನೆಯ ಒಲೆಗೆ ಅವರೇ ಯಜಮಾನಿ. ತಿಂಗಳಿಗೆ ಮೂರು ದಿನ ನಾನು ಕೊಟ್ಟಿಗೆಯ ಮೂಲೆಯಲ್ಲಿ ಕೂತಾಗ, "ನಮ್ಮ ಸೊಸೆಗೆ ರಜ ಕಣಪ್ಪ, ಸರ್ಕಾರಿ ನೌಕರಿ!" ಎಂದು ಒಳಗಿನಿಂದ ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತೊಂದನೇ ಇಸವಿಯ ಯುಗಾದಿ ಕಳೆದ ಮರುವಾರ ಅವರ ಸೀರೆಯಲ್ಲಿ ರಕ್ತ ಕಂಡಿತು.

"ಮತ್ತೆ ಶುರುವಾಯ್ತಲ್ಲೇ," ಎಂದು ನಾಚಿಕೊಂಡರು. ಐವತ್ತಾರರ ಹೆಂಗಸು ನಾಚಿದ್ದು ನೋಡಿ ನನಗೆ ನಗು ಬಂತು.

ಪಕ್ಕದ ಮನೆಯ ಲಕ್ಕಮ್ಮ, "ಮೈಯಾಗೆ ಇನ್ನೂ ಕಸುವೈತೆ ಬಿಡು," ಅಂದಳು. ಅಲ್ಲಿಗೆ ಮಾತು ಮುಗಿಯಿತು. ಚಾಪೆ, ತಟ್ಟೆ, ಚೊಂಬು ಕೊಟ್ಟಿಗೆಗೆ ಸಾಗಿಸಿದವಳು ನಾನೇ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ಹತ್ತು ದಿನಕ್ಕೆ ಮತ್ತೆ ಹೊರಗೆ. ಒಮ್ಮೆ ಬರೀ ಕಲೆ, ಒಮ್ಮೆ ಗಡ್ಡೆ ಗಡ್ಡೆ. ನೋವಿಲ್ಲ ಎನ್ನುತ್ತಿದ್ದರು, ನಾನೂ ಸುಮ್ಮನಾದೆ. ನನ್ನ ಗಂಡ ಸೊಣ್ಣಪ್ಪನವರಿಗೆ ತಿಳಿಸಲಿಲ್ಲ. ಮಗನ ಹತ್ತಿರ ಇದನ್ನೆಲ್ಲ ಯಾರು ಹೇಳುತ್ತಾರೆ? ದೀಪಾವಳಿಯ ಹೊತ್ತಿಗೆ ಅತ್ತೆ ಕೊಟ್ಟಿಗೆಯಲ್ಲೇ ಉಳಿದುಬಿಟ್ಟರು. ತಟ್ಟೆಗೆ ಕೈ ತಾಗದಂತೆ ಮೇಲಿನಿಂದ ಮುದ್ದೆ ಹಾಕುತ್ತಿದ್ದೆ.

ಶಿವರಾತ್ರಿಯ ಹಿಂದಿನ ದಿನ ಹಿತ್ತಲಲ್ಲಿ ತಲೆಸುತ್ತಿ ಬಿದ್ದರು. ಆಗಲೇ ಗಂಡನಿಗೆ ಹೇಳಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ದದ್ದು. ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಎಷ್ಟು ದಿನದಿಂದ ಎಂದು ಕೇಳಿದರು. ಹನ್ನೊಂದು ತಿಂಗಳು ಎಂದೆ.

"ಒಂದು ವರ್ಷ ಪೂರ್ತಿ ನಿಂತ ಮೇಲೆ ಒಂದೇ ಹನಿ ಕಂಡರೂ ಅದು ಮುಟ್ಟಲ್ಲಮ್ಮ. ಎಲ್ಲರಿಗೂ ಕೆಟ್ಟದ್ದೇ ಆಗಿರಲ್ಲ, ಆದ್ರೆ ತಕ್ಷಣ ತೋರಿಸ್ಬೇಕು. ಆಗಲೇ ಬಂದಿದ್ರೆ ಗರ್ಭಕೋಶ ತೆಗೆದು ಉಳಿಸ್ಬಹುದಿತ್ತೇನೋ."

ಬೆಂಗಳೂರಿನ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ಗರ್ಭಕೋಶದ ಕ್ಯಾನ್ಸರು, ಹೊಟ್ಟೆಗೆಲ್ಲ ಹರಡಿದೆ, ಕೊಯ್ದು ಪ್ರಯೋಜನವಿಲ್ಲ. ಗಂಡ ಗೋಡೆಗೆ ಮುಖಮಾಡಿ ಅತ್ತರು. ನನಗೆ ಏನೂ ಅನ್ನಿಸಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ನನಗೆ ಸೆರಗೂ ತಾಗದಂತೆ ಸೀಟಿನ ತುದಿಯಲ್ಲಿ ಕೂತಿದ್ದರು. ಮೆಲ್ಲಗೆ ಕೇಳಿದರು:

"ಹಂಗಾರೆ ಇದು ಮುಟ್ಟಲ್ವೇನೇ?"

"ಅಲ್ವಂತೆ ಅತ್ತೆ. ಕಾಯಿಲೆಯಂತೆ."

"ಹಂಗಾರೆ ನಾನು ಒಳಕ್ಕೆ ಬರ್ಬೋದಾ?"

ಬರಬಹುದು ಎಂದೆ. ಅಷ್ಟಕ್ಕೇ ಅವರ ಮುಖ ಅರಳಿತು.