ರೇಣುಕಪ್ರಸಾದರ ‘ಮನೆ ನೋಡುವ ದಿನ’

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೊಬ್ಬರಿ ವ್ಯಾಪಾರವು ಚೀಟಿಯಿಂದ ಮೊಬೈಲಿಗೆ ದಾಟಿದ ಕಾಲದಲ್ಲಿ ಆ ದಾರಿಯನ್ನು ಹಸನುಗೊಳಿಸಿದವರಾರೆಂದು ಕೇಳಿದರೆ, ಬೆಳೆಗಾರರೂ ವರ್ತಕರೂ ಒಂದೇ ದನಿಯಲ್ಲಿ ಹೇಳುವ ಹೆಸರು ಶ್ರೀ ರೇಣುಕಪ್ರಸಾದರದು. ಹರಾಜಿನಲ್ಲಿ ತನ್ನ ಚೀಲಕ್ಕೆ ಬಿದ್ದ ಬೆಲೆಯನ್ನು ಅರಳಗುಪ್ಪೆಯ ರೈತನು ತೋಟದಲ್ಲೇ ನಿಂತು ತಿಳಿಯುವಂತೆ ಮಾಡಿದ ತಂತ್ರಾಂಶವನ್ನು ಅವರು ಕಟ್ಟಿದ ಬಗೆಯನ್ನು ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ವಿವರಿಸಿದ್ದಾರೆ. ಅವರ ಕೈಕೆಳಗೆ ದುಡಿದೂ ಅವರನ್ನು ಪೂರ್ತಿಯಾಗಿ ಅರಿಯಲಾರದವನ ಗೊಂದಲವನ್ನಷ್ಟೇ ನಾನಿಲ್ಲಿ ನಿವೇದಿಸಬಲ್ಲೆ.

ಅವರಲ್ಲಿಗೆ ಬರುವ ಮುನ್ನ ಹುಬ್ಬಳ್ಳಿ, ಪುಣೆ, ಮೈಸೂರುಗಳ ಕಚೇರಿಗಳನ್ನು ಒಂದೊಂದಾಗಿ ಬಿಟ್ಟಿದ್ದೆ. ಬಸ್ ನಿಲ್ದಾಣಗಳಲ್ಲಿ ಕೊಂಡು ಓದಿದ ಅಗ್ಗದ ಪತ್ತೇದಾರಿ ಕಾದಂಬರಿಗಳಲ್ಲಿ ಖಳನು ಮೊದಲ ಅಧ್ಯಾಯದಲ್ಲೇ ನನ್ನ ಕೈಗೆ ಸಿಕ್ಕಿಬೀಳುತ್ತಿದ್ದ. ಕಚೇರಿಗಳಲ್ಲಿ ಆ ವಿದ್ಯೆ ಕೈಕೊಟ್ಟಿತು. ಕಡೆಯದಾಗಿ ಬಿಟ್ಟ ಕಚೇರಿಯಲ್ಲಿ ಎಲ್ಲರೂ ಮುಖ್ಯಸ್ಥರನ್ನು ತಂದೆಯ ಸಮಾನರೆಂದು ಕೊಂಡಾಡಿದ್ದರು. ಬೇರೆ ಮಾತಾಡಿದವರು ಅಲ್ಲಿ ಉಳಿಯುತ್ತಿರಲಿಲ್ಲವೆಂಬುದು ಸೇರಿದ ಮೇಲೆ ತಿಳಿಯಿತು. ಇನ್ನೊಮ್ಮೆ ಮೋಸಹೋದರೆ ತಂತ್ರಾಂಶ ಬರೆಯುವ ಈ ವೃತ್ತಿಯನ್ನೇ ತೊರೆಯುವುದೆಂದು ನಿಶ್ಚಯಿಸಿದ್ದೆ. ಅತ್ತ ಕೆಲಸ ಕೊಡಲೊಪ್ಪಿದ್ದ ಬೆಂಗಳೂರಿನ ಕಚೇರಿಯೊಂದು ಇಲ್ಲಿನ ಸಂದರ್ಶನದ ಮರುದಿನ ಸಂಜೆಯೊಳಗೆ ನನ್ನ ಉತ್ತರವನ್ನು ಬಯಸಿತ್ತು.

ರೇಣುಕಪ್ರಸಾದರು ನನ್ನ ಸಂದರ್ಶನ ಮುಗಿಸಿ, ಕೆಲಸ ನಿಮ್ಮದೇ ಎಂದರು. ನಾನು ಒಪ್ಪಿಗೆಯೆನ್ನುವಷ್ಟರಲ್ಲಿ ಕೈಯೆತ್ತಿ ತಡೆದರು.

“ಹೆಣ್ಣು ಕೊಡೋರು ಮನೆ ನೋಡ್ದೆ ಕೊಡ್ತಾರೇನ್ರೀ? ನಾಳೆ ಬಂದು ನಮ್ಮೋರ ಜೊತೆ ಕೂತ್ಕೊಳ್ಳಿ. ನಾನಿರಲ್ಲ. ನನ್ ಬಗ್ಗೆ ಏನ್ ಬೇಕಾದ್ರೂ ಕೇಳಿ.”

ಅದು ಆ ಕಚೇರಿಯ ‘ಮನೆ ನೋಡುವ ದಿನ’ವೆಂದೂ, ಅಂದು ಮುಖ್ಯಸ್ಥರು ಒಳಗಿರಕೂಡದೆಂಬ ನಿಯಮವನ್ನು ಅವರೇ ಮಾಡಿದ್ದರೆಂದೂ ಮರುದಿನ ತಿಳಿಯಿತು. ಅವರು ತೋಟದ ಕಡೆ ಹೊರಟ ಕೂಡಲೇ ತಂಡದ ಹಿರಿಯರಾದ ಅನಿತಾ ಅವರು ಕುರ್ಚಿಯನ್ನು ನನ್ನತ್ತ ತಿರುಗಿಸಿದರು.

“ಬಾಯಿ ಬಿಟ್ರೆ ಪಟಾಕಿ ಕಣ್ರೀ ಆವಯ್ಯ. ನಾನ್ ಬರ್ದಿದ್ದನ್ನ ಅಳಿಸಿ ಮತ್ತೆ ಬರೆಸ್ತಾರೆ. ನಮ್ ತಪ್ಪಿಗೆ ವರ್ತಕರು ಕೂಗಾಡಿದ್ರೆ ನಮ್ಗೆ ಫೋನೇ ಕೊಡಲ್ಲ, ತಾವೇ ಬೈಸ್ಕೊಂಡು ಬಂದ್ಬುಡ್ತಾರೆ. ಆಮೇಲೆ ನಮ್ ಡಬ್ಬೀಲಿರೋ ಚಿತ್ರಾನ್ನಕ್ಕೆ ಕೈ!”

ಪಕ್ಕದಲ್ಲಿದ್ದ ಬಸವಕುಮಾರರು ಮೆಲ್ಲನೆ, “ಅಂಗನ್ಬಾರ್ದು ಕಣಕ್ಕ. ದೇವ್ರಂಥ ಮನುಷ್ಯ,” ಎಂದರು.

“ದೇವ್ರು ಚಿತ್ರಾನ್ನ ಕದೀತಾನೇನ್ಲಾ?” ಎಂದು ಅನಿತಾ ಅವರು ಗದರಿದರು.

ಮಧ್ಯಾಹ್ನದವರೆಗೂ ದೂರುಗಳು ನಿಲ್ಲಲಿಲ್ಲ. ಇಷ್ಟಾದರೂ ಬಿಟ್ಟುಹೋಗಿಲ್ಲವೇಕೆಂದು ಕೇಳಿದಾಗ ಅನಿತಾ ಅವರು, “ಎಲ್ಲಿಗ್ರೀ ಹೋಗದು? ಬೇರೆ ಕಡೆ ಹಿಂಗೆ ಬೈಯಕ್ಕೆ ಬುಡ್ತಾರಾ?” ಎಂದರು. ಯಾರ ಮಾತನ್ನು ಸಾಕ್ಷಿಯೆಂದು ಗಣಿಸಬೇಕು? ನಿಂದಿಸುತ್ತಿದ್ದವರು ನಗುತ್ತಿದ್ದರು, ಹೊಗಳಿದವರ ಮುಖ ಬಾಡಿತ್ತು.

ಸಂಜೆ ಮರಳಿದ ರೇಣುಕಪ್ರಸಾದರು ಚಪ್ಪಲಿ ಬಿಡುವ ಮೊದಲೇ, “ಏನಂದ್ರು?” ಎಂದರು. ಸೌಜನ್ಯವೆಂದು ಭಾವಿಸಿ ನಾನು, “ಎಲ್ಲಾ ಒಳ್ಳೇದೇ ಅಂದ್ರು ಸರ್,” ಎಂದೆ. ಅವರ ಮುಖ ಕಳೆಗುಂದಿತು. ಕುರ್ಚಿಯಲ್ಲಿ ಕುಸಿದು, “ಅನಿತಾನೂವಾ? ಹಂಗಾದ್ರೆ ಏನೋ ಕೆಟ್ಟೋಗದೆ. ನನ್ ಕಂಡ್ರೆ ಹೆದ್ರೋ ಹಂಗಾಗ್ಬುಟ್ರಾ?” ಎಂದು ಕಳವಳಿಸಿದರು.

ಒಳಗಿನಿಂದ ಅನಿತಾ ಅವರು ಕೂಗಿದರು: “ಸುಳ್ಳು ಕಣ್ರೀ ಸಾರ್! ಬೈದೂ ಬೈದೂ ಗಂಟಲು ಒಣಗೋಗದೆ.”

ಆಗ ರೇಣುಕಪ್ರಸಾದರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ಕಂಡು ಬೆಂಗಳೂರಿನವರಿಗೆ ಇಲ್ಲವೆಂದು ಬರೆದು ಕಳುಹಿಸಿದೆ. ಕಂಡದ್ದು ನಿಜವೋ ನುರಿತ ಅಭಿನಯವೋ ಎಂಬ ಸಂದೇಹ ಮಾತ್ರ ಬಹುಕಾಲ ನನ್ನನ್ನು ಕಾಡಿತು. ನಾನು ತಪ್ಪಿದಾಗಲೆಲ್ಲ ಕೊಬ್ಬರಿ ಮಂಡಿಯಲ್ಲಿ ವರ್ತಕರ ಎದುರು ನಿಂತವರು ಅವರೇ. ಹಿಂದಿರುಗಿ ಬಂದು ಆ ತಪ್ಪನ್ನು ನನ್ನಿಂದಲೇ ತಿದ್ದಿಸಿ, ಸರಿಯಾಗುವವರೆಗೆ ಪಕ್ಕದಲ್ಲಿ ಕುಳಿತಿರುತ್ತಿದ್ದವರೂ ಅವರೇ. ಹೀಗಿದ್ದೂ ನಾನು ಅವರನ್ನು ಒಂದು ತೀರ್ಮಾನಕ್ಕೆ ಕಟ್ಟಿಹಾಕಲಾರದೆ ಹೋದೆ.

ಎಂದೂ ದೂರು ಹೇಳದಿದ್ದ ಬಸವಕುಮಾರರು ಒಂದು ದಿನ ಕಾರಣವನ್ನೂ ಹೇಳದೆ ಕೆಲಸ ಬಿಟ್ಟರು. ಅಂದು ರೇಣುಕಪ್ರಸಾದರು ಯಾರ ಡಬ್ಬಿಗೂ ಕೈಹಾಕಲಿಲ್ಲ. ಏನಾಯಿತೆಂದು ಕೇಳಿದರೆ, “ಏನಿಲ್ಲ, ಕೆಲ್ಸ ನೋಡ್ಕೊಳ್ಳಿ,” ಎಂದರು. ಕೆಲಸವನ್ನೇನೋ ನೋಡಿಕೊಂಡೆವು, ಅವರನ್ನು ನೋಡಿಕೊಳ್ಳುವ ಬಗೆ ನಮಗೆ ತಿಳಿಯಲಿಲ್ಲ.

ಹೊಗಳಿಕೆ ಕೇಳಿದರೆ ಕಂಗೆಡುವವರಿಗೆ ಅಭಿನಂದನೆ ಬರೆಯುವುದೆಂತು? ಆದ್ದರಿಂದ ಈ ಗೌರವದೊಂದಿಗೆ ನನ್ನ ದೂರನ್ನೂ ಅರ್ಪಿಸುತ್ತಿದ್ದೇನೆ. ನಮ್ಮೆಲ್ಲರ ಅಸಮಾಧಾನಗಳಿಗೆ ಬಾಗಿಲು ತೆರೆದಿಟ್ಟ ಪೂಜ್ಯರು ಕೆಲಸದ ತಪ್ಪಿಗೆ ಸಿಡುಕಿದರೇ ಹೊರತು ತಮ್ಮ ಮನದ ಅಸಮಾಧಾನವೊಂದನ್ನೂ ನಮ್ಮ ಮುಂದೆ ಇಡಲಿಲ್ಲ. ನಮ್ಮ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲವೇ? ಇದಕ್ಕೆ ಉತ್ತರ ಸಿಗದೆ ಅವರನ್ನು ಬೀಳ್ಕೊಡಲು ಮನಸ್ಸು ಒಪ್ಪದು. ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ. ಬೆಳೆಗಾರರಿಗಾಗಿ ಅವರು ಕೈಗೊಂಡ ಕಾರ್ಯ ಮುಂದುವರಿಯಲಿ. ಮತ್ತು ಬಿಡುವಾದ ಒಂದು ದಿನ ಕಚೇರಿಗೆ ಬಂದು, ನಮ್ಮೆದುರಿಗೇ ಕುಳಿತು, ನಮ್ಮನ್ನು ಮನಸಾರೆ ಬೈಯಲಿ.

— ರವಿಕಿರಣ್